ಹಾಳು ಬಸದಿಯ ಋಣ

ದೇವರಿರುವ ಗುಡಿಗೆ ಹೋಗುವವನು ಏನನ್ನಾದರೂ ಬೇಡುವುದಕ್ಕೆ ಹೋಗುವನು. ದೇವರಿಲ್ಲದ ಗುಡಿಗೆ ಹೋಗುವವನು ಏತಕ್ಕೆ ಹೋಗುವನು? ಅಲ್ಲಿ ಗಂಟೆಯಿಲ್ಲ, ತೀರ್ಥವಿಲ್ಲ, ಪ್ರಸಾದವಿಲ್ಲ. ಹರಕೆಯನ್ನು ಕೇಳಿಕೊಳ್ಳುವ ಕಿವಿಯಿಲ್ಲ. ಆದರೂ ಹಾಳುಬಿದ್ದ ದೇಗುಲವೊಂದು ಎದುರಾದಾಗ ಮನುಷ್ಯನ ಕಾಲು ತಾನಾಗಿ ನಿಧಾನವಾಗುವುದು, ಮಾತು ತಾನಾಗಿ ತಗ್ಗುವುದು. ಇದು ಬರಿಯ ಭಯವೋ, ಹಳೆಯ ಅಭ್ಯಾಸವೋ, ಇಲ್ಲವೆ ತೀರಿಸದೆ ಉಳಿದಿರುವ ಋಣವೊಂದರ ನೆನಪೋ ಎಂಬುದು ವಿಚಾರಮಾಡತಕ್ಕ ಪ್ರಶ್ನೆ. ತನ್ನ ಮತದ್ದಲ್ಲದ, ತಾನು ಪೂಜಿಸದ, ಈಗ ಯಾರೂ ಪೂಜಿಸದ ಒಂದು ಪವಿತ್ರಸ್ಥಾನಕ್ಕೆ ಮನುಷ್ಯನು ಸಲ್ಲಿಸಬೇಕಾದುದು ಏನಾದರೂ ಉಂಟೆ? ಉಂಟಾದರೆ ಎಷ್ಟು? ಇದನ್ನು ಗ್ರಂಥಗಳ ನಡುವೆ ಕುಳಿತು ಆಲೋಚಿಸುವುದಕ್ಕಿಂತ ಇನ್ನಂಜೆಯಿಂದ ಕಾಪುವಿನವರೆಗೆ ಒಂದು ದಿನ ಕಾಲ್ನಡಿಗೆಯಲ್ಲಿ ಹೋಗಿ ಆಲೋಚಿಸುವುದು ಮೇಲು. ಆ ದಾರಿಯೇ ಅರ್ಧ ಉತ್ತರವನ್ನು ಕಲಿಸಿಕೊಡುವುದು.

ಇನ್ನಂಜೆಯು ಉಡುಪಿಗೆ ದಕ್ಷಿಣದಲ್ಲಿರುವ ಒಂದು ಹಳ್ಳಿ. 1998ರಲ್ಲಿ ಕೊಂಕಣ ರೈಲುದಾರಿಯು ಪೂರ್ತಿಯಾಗಿ ತೆರೆದ ಬಳಿಕ ದೂರದ ಪ್ರಯಾಣಿಕರಿಗೆ ಅದು ಉಡುಪಿಗೂ ಪಡುಬಿದ್ರಿಗೂ ನಡುವಣ ಒಂದು ನಿಲ್ದಾಣದ ಹೆಸರು ಮಾತ್ರ. ಗಾಡಿಯ ಕಿಟಕಿಯಲ್ಲಿ ಒಂದು ಕ್ಷಣ ಕಂಡು ಮರೆಯಾಗುವ ಹೆಸರು. ಆದರೆ ಅಲ್ಲಿ ಇಳಿದು ನಿಂತವನಿಗೆ ಒಂದು ಕಡೆ ಕುಂಜಾರುಗಿರಿಯ ದುರ್ಗೆಯ ಗುಡಿಯೂ, ಅದರ ಬುಡದಲ್ಲಿ ಶ್ರೀ ಮಧ್ವಾಚಾರ್ಯರು ಹುಟ್ಟಿದ ಪಾಜಕವೂ ದೂರವಲ್ಲ. ಇನ್ನೊಂದು ಕಡೆ ಶಂಕರಪುರದ ಮಲ್ಲಿಗೆಯ ತೋಟಗಳು. ಮಳೆಗಾಲವು ಹಿಂದೆಗೆದು ಬಿಸಿಲು ಇನ್ನೂ ಗಟ್ಟಿಯಾಗದಿರುವ ದಿನಗಳಲ್ಲಿ ಬೆಳಗಿನ ಹೊತ್ತು ಇಲ್ಲಿಂದ ಹೊರಟವನು ಪಾಂಗಾಳ ಹೊಳೆಯ ತಗ್ಗನ್ನು ಪಶ್ಚಿಮಕ್ಕೆ ಬಿಟ್ಟು ದಕ್ಷಿಣಕ್ಕೆ ತಿರುಗಿದರೆ ಮಜೂರು, ಮಲ್ಲಾರುಗಳ ಮೇಲಾಗಿ ಕಾಪುವನ್ನು ಸೇರುವನು. ರಾಜಮಾರ್ಗವನ್ನು ಹಿಡಿದರೆ ವಾಹನದಲ್ಲಿ ಕೆಲವೇ ನಿಮಿಷಗಳ ದೂರ; ಗದ್ದೆಯ ದಾರಿಯನ್ನು ಹಿಡಿದರೆ ಒಂದು ಬೆಳಗ್ಗೆ.

ತುಳುನಾಡಿನ ಭೂಮಿಯನ್ನು ಒಕ್ಕಲಿಗರು ಹಿಂದಿನಿಂದಲೂ ಮೂರಾಗಿ ಎಣಿಸುತ್ತ ಬಂದಿದ್ದಾರೆ. ಮಳೆಯ ನೀರನ್ನೇ ನಂಬಿದ ಎತ್ತರದ ನೆಲವು ಬೆಟ್ಟು, ನಡುಮಟ್ಟದ್ದು ಮಜಲು, ನೀರು ನಿಲ್ಲುವ ತಗ್ಗಿನ ನೆಲವು ಬೈಲು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳನ್ನು ತೆಗೆಯುವುದು ವಾಡಿಕೆಯಾಗಿತ್ತು. ಈಗ ಎಷ್ಟೋ ಬೈಲುಗಳು ಒಂದು ಬೆಳೆಯನ್ನು ಕಂಡರೆ ಹೆಚ್ಚು, ಕೆಲವು ಅದನ್ನೂ ಕಾಣದೆ ಹುಲ್ಲು ಕೆಸರುಗಳ ಪಾಲಾಗಿವೆ. ನಡೆಯುವವನ ಕಾಲ ಕೆಳಗೆ ನೆಲವು ಮೆತ್ತಗೆ ಜಗ್ಗುವುದು. ಏಡಿಯ ಬಿಲಗಳಿಂದ ಗುಳ್ಳೆಗಳು ಏಳುವುವು. ನೀರಿನ ನಡುವೆ ಬೆಳ್ಳಕ್ಕಿಗಳು ಒಂಟಿ ಕಾಲಿನಲ್ಲಿ ನಿಂತಿರುವುವು. ತೋಡಿನ ಅಂಚಿನಲ್ಲಿ ಮುಳ್ಳಿನ ಕೇದಗೆಯ ಪೊದೆ. ಈ ಜೌಗಿನ ನಡುವೆ ನಡೆಯಲಿಕ್ಕೆ ಇರುವುದು ಒಂದೇ ದಾರಿ: ಗದ್ದೆಗೂ ಗದ್ದೆಗೂ ನಡುವೆ ಮಣ್ಣನ್ನು ಮೆತ್ತಿ ಕಟ್ಟಿದ ಕಟ್ಟಹುಣಿ. ಅದರ ಅಗಲ ಒಬ್ಬನ ಹೆಜ್ಜೆಯಷ್ಟು. ಎದುರಿನಿಂದ ತಲೆಹೊರೆಯವರು ಬಂದರೆ ಬರಿಗೈಯವನು ಕೆಸರಿಗೆ ಇಳಿದು ದಾರಿ ಬಿಡಬೇಕು. ಇದು ಯಾರೂ ಬರೆದಿಡದ ನಿಯಮ.

ಈ ಹುಣಿಯ ವಿಷಯದಲ್ಲಿ ಇನ್ನೂ ಒಂದು ನಿಯಮವುಂಟು. ಹುಣಿಯು ಎರಡು ಗದ್ದೆಗಳ ನಡುವೆ ಇರುವುದರಿಂದ ಅದು ಇಬ್ಬರದೂ ಹೌದು, ಯಾರೊಬ್ಬರದೂ ಅಲ್ಲ. ಪ್ರತಿ ವರ್ಷ ಉಳುಮೆಯ ಹೊತ್ತಿನಲ್ಲಿ ಅದಕ್ಕೆ ಕೆಸರು ಮೆತ್ತಿ ಗಟ್ಟಿಮಾಡಬೇಕು. ಆದರೆ ಹಾರೆ ಕೈಯಲ್ಲಿರುವಾಗ ಒಂದು ಆಸೆ ಹುಟ್ಟುವುದು: ಒಂದು ಬೆರಳಿನಷ್ಟು ಕೆತ್ತಿದರೆ ತನ್ನ ಗದ್ದೆಯು ಒಂದು ಬೆರಳಿನಷ್ಟು ಹಿಗ್ಗುವುದು, ನೆರೆಯವನಿಗೆ ತಿಳಿಯುವುದೂ ಇಲ್ಲ. ಹುಣಿ ಕೆತ್ತುವುದು ಹಳ್ಳಿಯ ಬಾಳಿನಲ್ಲಿ ಅತಿ ಸಣ್ಣ ಕಳವು. ಅದಕ್ಕೆ ಸಾಕ್ಷಿಯಿಲ್ಲ, ದಂಡವೂ ಅಪೂರ್ವ. ಆದರೂ ಮರ್ಯಾದಸ್ಥನಾದ ಒಕ್ಕಲಿಗನು ಅದನ್ನು ಮಾಡನು. ಏಕೆಂದರೆ ಇಬ್ಬರೂ ಕೆತ್ತುತ್ತ ಹೋದರೆ ಕೊನೆಗೆ ಹುಣಿಯು ಒಡೆದು ಇಬ್ಬರ ನೀರೂ ಹರಿದುಹೋಗುವುದೆಂದು ಅವನು ಬಲ್ಲನು; ಅದಕ್ಕಿಂತ ಮಿಗಿಲಾಗಿ, ತನ್ನದಲ್ಲದುದು ಕಾವಲಿಲ್ಲದೆ ಬಿದ್ದಿರುವಾಗಲೇ ತನ್ನ ಗುಣದ ಪರೀಕ್ಷೆಯೆಂದು ಅವನ ಹಿರಿಯರು ಅವನಿಗೆ ಕಲಿಸಿರುವರು. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ನಡೆಯಬೇಕು.

ಮಲ್ಲಾರನ್ನು ದಾಟಿ ಕಾಪುವನ್ನು ಸೇರಿದಾಗ ಕಡಲ ಗಾಳಿಯು ಮುಖಕ್ಕೆ ಬಡಿಯುವುದು. ಕಾಪುವು ದೇವತಾಸಮೃದ್ಧವಾದ ಊರು. ಮೂರು ಮಾರಿಗುಡಿಗಳು ಅಲ್ಲಿ ಪ್ರಸಿದ್ಧ; ಅವುಗಳಲ್ಲಿ ಹೊಸ ಮಾರಿಗುಡಿಯು ಭಕ್ತರ ಕಾಣಿಕೆಯಿಂದ ಶಿಲೆಯಲ್ಲಿ ಹೊಸದಾಗಿ ಎದ್ದು, 2025ರಲ್ಲಿ ಅದರ ಬ್ರಹ್ಮಕಲಶೋತ್ಸವವು ವೈಭವದಿಂದ ನಡೆಯಿತು. ಕಡಲ ಬಂಡೆಯ ಮೇಲೆ 1901ರ ದೀಪಸ್ತಂಭವು ಇಂದಿಗೂ ಗಟ್ಟಿಯಾಗಿ ನಿಂತಿರುವುದು. ಅದನ್ನು ಹತ್ತುವುದಕ್ಕೆ ಜನರು ಸಾಲುಗಟ್ಟುವರು. ಇಷ್ಟೆಲ್ಲದರ ನಡುವೆ, ಸಾಲುಗಟ್ಟದ ಜನರ ಕಣ್ಣಿಗೆ ಬೀಳದೆ, ಕಾಪುವಿನ ಹಾಳುಬಿದ್ದ ಜೈನ ಬಸದಿಗಳು ಇವೆ. ಒಂದು ಕಾಲದಲ್ಲಿ ಈ ಊರನ್ನು ಆಳಿದವರು ಜೈನ ಹೆಗ್ಗಡೆಗಳು.

ಈ ಸೀಮೆಯ ಹಾಳು ಬಸದಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಬಗೆಯವು. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನ ಕತ್ತಲೆ ಬಸದಿಯ ಕಂಬಗಳ ನಡುವೆ ನಿಂತರೂ, ಹೆಸರಿಲ್ಲದ ಒಂದು ಮುರಕಲ್ಲಿನ ಅಡಿಗಟ್ಟಿನ ಮೇಲೆ ನಿಂತರೂ ಮನಸ್ಸಿಗೆ ಬರುವ ಭಾವ ಒಂದೇ. ಅರಸರು ಹೋದರು, ಮುನಿಗಳು ಹೋದರು, ಕಲ್ಲು ಉಳಿಯಿತು, ನಾಳೆ ಕಲ್ಲೂ ಹೋಗುವುದು, ಎಲ್ಲವೂ ಅನಿತ್ಯ. ಈ ವೈರಾಗ್ಯವು ಸುಳ್ಳಲ್ಲ, ಆದರೆ ಸುಲಭವಾದುದು. ಇದಕ್ಕೆ ಬೆಲೆ ಕೊಡಬೇಕಾಗಿಲ್ಲ. ಗೋಡೆಯ ನೆರಳಿನಲ್ಲಿ ಕುಳಿತು ಬುತ್ತಿಯನ್ನು ಉಂಡು, ನಿಟ್ಟುಸಿರು ಬಿಟ್ಟು, ಹಗುರವಾಗಿ ಮನೆಗೆ ಹಿಂದಿರುಗಬಹುದು. ನಿಜವಾದ ಪ್ರಶ್ನೆಯು ಏಳುವುದು ಬೇರೊಂದು ಸಂದರ್ಭದಲ್ಲಿ. ಹಾಳಿನ ಪಕ್ಕದಲ್ಲಿ ಒಬ್ಬನು ಮನೆ ಕಟ್ಟಿಸುತ್ತಿರುವನೆಂದು ಭಾವಿಸೋಣ. ಪಂಚಾಂಗಕ್ಕೆ ಕಲ್ಲು ಬೇಕು. ಕಣ್ಣೆದುರಿಗೆ ಕಡಿದು ಹದಮಾಡಿದ ಕಲ್ಲುಗಳು ಹುಲ್ಲಿನಲ್ಲಿ ಬಿದ್ದಿರುವುವು. ಕೇಳುವವರಿಲ್ಲ. ಅವನು ಒಂದು ಕಲ್ಲನ್ನು ಹೊತ್ತುಕೊಂಡು ಹೋದರೆ ತಪ್ಪೇನು?

ಅವನ ಪಕ್ಷವನ್ನು ಅವಿಚಾರದಿಂದ ತಳ್ಳಿಬಿಡಬಾರದು. ಅವನು ಹೇಳಬಹುದು: ಕಲ್ಲು ಇರುವುದು ಉಪಯೋಗಕ್ಕೆ. ಅದು ಹುಲ್ಲಿನಲ್ಲಿ ಬಿದ್ದಿರುವುದಕ್ಕಿಂತ ಮಕ್ಕಳು ಮಲಗುವ ಮನೆಯನ್ನು ಹೊತ್ತಿರುವುದು ಲೇಸು. ದೇವರು ಇದ್ದಾಗ ಮುಟ್ಟಿದರೆ ಪಾಪ. ದೇವರು ಹೋದ ಮೇಲೆ ಅದು ಬರಿಯ ಕಲ್ಲು. ಅಷ್ಟೇ ಅಲ್ಲ, ಯಾರ ಬಿಂಬವು ಇಲ್ಲಿ ಇತ್ತೋ ಆ ಜಿನನು ಬೋಧಿಸಿದುದೇ ಅಪರಿಗ್ರಹವನ್ನು. ಏನನ್ನೂ ತನ್ನದೆಂದು ಹಿಡಿದುಕೊಳ್ಳದವನ ಮನೆಯಿಂದ ಒಂದು ಕಲ್ಲನ್ನು ತೆಗೆದರೆ ಅವನಿಗೆ ನಷ್ಟವೇನು? ಈ ವಾದಕ್ಕೆ ಉತ್ತರವನ್ನು ಹೊರಗಿನಿಂದ ತರಬೇಕಾಗಿಲ್ಲ. ಕಾಪುವಿನಲ್ಲಿಯೇ ಬರೆಸಿಟ್ಟ ಒಂದು ಉತ್ತರವುಂಟು.

1556ರಲ್ಲಿ, ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ಬಾರಕೂರು ಮಂಗಳೂರು ರಾಜ್ಯಗಳು ಕೆಳದಿಯ ಸದಾಶಿವನಾಯಕನ ಆಡಳಿತದಲ್ಲಿದ್ದಾಗ, ಕಾಪುವಿನ ಒಡೆಯನಾದ ಮದ್ದಹೆಗ್ಗಡೆಯು ಒಂದು ತಾಮ್ರಶಾಸನವನ್ನು ಬರೆಯಿಸಿದನು. ಕಾಪುವಿನ ಧರ್ಮನಾಥ ತೀರ್ಥಂಕರನ ಬಸದಿಗೆ ಮಲ್ಲಾರಿನ ಭೂಮಿಯನ್ನು ಬಿಟ್ಟುಕೊಟ್ಟ ದಾನಪತ್ರ ಅದು. ನಡೆಯುವವನು ಈಗ ತಾನೆ ಹುಣಿಯ ಮೇಲೆ ದಾಟಿ ಬಂದ ಆ ಮಲ್ಲಾರೇ. ಆ ಗದ್ದೆಗಳ ಉತ್ಪತ್ತಿಯಿಂದ ಇಲ್ಲಿ ದೀಪ ಉರಿಯಬೇಕು, ಪೂಜೆ ನಡೆಯಬೇಕು. ಚಂದ್ರಸೂರ್ಯರಿರುವ ತನಕ ಅದು ನಿಲ್ಲಬಾರದು. ಇಷ್ಟು ಎಲ್ಲ ದಾನಶಾಸನಗಳಲ್ಲಿಯೂ ಇರತಕ್ಕುದು. ವಿಶೇಷವಿರುವುದು ಕೊನೆಯ ಶಾಪವಾಕ್ಯದಲ್ಲಿ. ಈ ಧರ್ಮವನ್ನು ಜೈನನಾದವನು ಕೆಡಿಸಿದರೆ ಅವನಿಗೆ ಬೆಳಗೊಳ, ಕೊಪಣ, ಊರ್ಜಂತಗಿರಿಗಳ ಜಿನಬಿಂಬಗಳನ್ನು ಒಡೆದ ಪಾಪ. ಶೈವನು ಕೆಡಿಸಿದರೆ ಶ್ರೀಪರ್ವತ, ಗೋಕರ್ಣ ಮೊದಲಾದ ಕ್ಷೇತ್ರಗಳ ಲಿಂಗಗಳನ್ನು ಒಡೆದ ಪಾಪ. ವೈಷ್ಣವನು ಕೆಡಿಸಿದರೆ ಶ್ರೀರಂಗ, ತಿರುಮಲೆಗಳ ವಿಷ್ಣುಮೂರ್ತಿಗಳನ್ನು ಒಡೆದ ಪಾಪ. ಶಾಸನದ ತಾತ್ಪರ್ಯ ಇದು.

ಇದನ್ನು ಬರಿಯ ಬೆದರಿಕೆಯೆಂದು ಓದಿದರೆ ಅದರ ಮರ್ಮವು ತಪ್ಪಿಹೋಗುವುದು. ಹೆದರಿಸುವುದೇ ಉದ್ದೇಶವಾಗಿದ್ದರೆ ಧರ್ಮನಾಥನ ಕೋಪವನ್ನು ಎಲ್ಲರ ಮೇಲೂ ಹೇರಿ ಮುಗಿಸಬಹುದಾಗಿತ್ತು. ಮದ್ದಹೆಗ್ಗಡೆಯು ಹಾಗೆ ಮಾಡಲಿಲ್ಲ. ವೈಷ್ಣವನಿಗೆ ಜಿನನ ಭಯವನ್ನು ತೋರಿಸಿದರೆ ಅದು ಅವನಿಗೆ ತಟ್ಟದೆಂದು ಅವನು ಬಲ್ಲನು. ಆದುದರಿಂದ ಪ್ರತಿಯೊಬ್ಬನಿಗೂ ಅವನವನ ಹೃದಯದಲ್ಲಿ ಅತ್ಯಂತ ಪ್ರಿಯವಾದ ಸ್ಥಾನವನ್ನು ನೆನಪಿಸಿ, ಇದು ನಿನಗೆ ಅದೇ ಎಂದು ಹೇಳಿದನು. ನೀನು ಇದನ್ನು ಪೂಜಿಸಬೇಕಾಗಿಲ್ಲ, ನಂಬಬೇಕಾಗಿಲ್ಲ. ಆದರೆ ನಿನಗೆ ತಿರುಮಲೆಯು ಏನೋ ಇನ್ನೊಬ್ಬನಿಗೆ ಇದು ಅದಾಗಿರುವುದೆಂದು ತಿಳಿ ಎಂಬುದೇ ಆ ವಾಕ್ಯದ ಸಾರ. ಪರರ ಶ್ರದ್ಧೆಯನ್ನು ಅಳೆಯುವುದಕ್ಕೆ ಮನುಷ್ಯನ ಕೈಯಲ್ಲಿ ತನ್ನ ಶ್ರದ್ಧೆಯ ಹೊರತು ಬೇರೆ ಅಳತೆಗೋಲಿಲ್ಲ. ಇದನ್ನು ಅರಿತವನು ಆ ಹೆಗ್ಗಡೆ. ಆಗ ಕಾಪುವಿನ ನೆರೆಯಲ್ಲಿ ಎಲ್ಲ ಮತದವರೂ ಇದ್ದರು. ಮೇಲಿನ ನಾಯಕನು ಶೈವನು, ಅವನ ಮೇಲಿನ ರಾಯನು ವೈಷ್ಣವ ಮನೆತನದವನು. ಮುಂದೆ ಈ ಬಸದಿಯು ತನ್ನವರ ಕೈಯಲ್ಲಿಯೇ ಉಳಿಯದೆಂಬುದನ್ನು ದಾನಿಯು ಊಹಿಸಿರಬೇಕು. ಆದುದರಿಂದ ಅವನು ತನ್ನ ಮಾತನ್ನು ಮಕ್ಕಳಿಗೆ ಮಾತ್ರ ಬರೆಯದೆ ಅಪರಿಚಿತರಿಗೆ ಬರೆದನು.

ಅದೇ ಕಾಲದಲ್ಲಿ ಬೇರೊಂದು ದೇಶದಲ್ಲಿ ನಡೆದುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡುವುದು ಉಪಯುಕ್ತ. 1536ರಿಂದ ನಾಲ್ಕೈದು ವರ್ಷಗಳೊಳಗೆ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯು ತನ್ನ ದೇಶದ ಕ್ರೈಸ್ತ ಸಂನ್ಯಾಸಿಗಳ ಮಠಗಳನ್ನು ಮುಚ್ಚಿಸಿ ಅವುಗಳ ಭೂಮಿಯನ್ನು ವಶಪಡಿಸಿಕೊಂಡನು. ಮಾಡಿನ ಸೀಸವನ್ನು ಕರಗಿಸಿದರು. ಕಲ್ಲನ್ನು ಸುತ್ತಲಿನವರು ಮನೆಗಳಿಗೆ ಹೊತ್ತರು. ನಾರ್ಫೋಕ್ ಸೀಮೆಯ ಜೌಗು ನೆಲದಲ್ಲಿ, ಬ್ಯೂರ್ ನದಿಯ ದಡದಲ್ಲಿ, ಸೇಂಟ್ ಬೆನೆಟ್ ಎಂಬ ಮಠವೊಂದಿತ್ತು. ಇತರ ಮಠಗಳಂತೆ ಅದನ್ನು ವಿಧಿಪೂರ್ವಕವಾಗಿ ಮುಚ್ಚಲಿಲ್ಲ. ನಾರ್ವಿಚ್ಚಿನ ಬಿಷಪ್ಪನನ್ನೇ ಅದರ ಅಧಿಪತಿಯೆಂದು ಮಾಡಲಾಯಿತು. ಆದರೂ ಸಂನ್ಯಾಸಿಗಳು ಕೆಲವೇ ವರ್ಷಗಳಲ್ಲಿ ಚದರಿಹೋದರು, ಕಲ್ಲುಗಳು ಹೊರಟುಹೋದುವು. ಹದಿನೆಂಟನೆಯ ಶತಮಾನದಲ್ಲಿ ಅದರ ಹೆಬ್ಬಾಗಿಲಿನ ಒಳಗೇ ಒಂದು ಗಾಳಿಯಂತ್ರವನ್ನು ಕಟ್ಟಲಾಯಿತು. ಇಂದು ಗಾಳಿಯಂತ್ರವೂ ಹಾಳಾಗಿ ಹಾಳಿನೊಳಗೊಂದು ಹಾಳಾಗಿ ನಿಂತಿದೆ. ಆದರೆ ಪ್ರತಿ ವರ್ಷ ಆಗಸ್ಟಿನ ಮೊದಲ ಭಾನುವಾರ ಬಿಷಪ್ಪರು ದೋಣಿಯಲ್ಲಿ ಬಂದು ಆ ಬಯಲಿನಲ್ಲಿ ಪ್ರಾರ್ಥನೆಯನ್ನು ನಡೆಸುವರು. ಒಂದು ಕಡೆ ಕಾನೂನು ಕೆಡಿಸಿತು, ಇನ್ನೊಂದು ಕಡೆ ಕಾನೂನು ಉಳಿಸಿತು. ಎರಡು ಕಡೆಯೂ ಗೋಡೆಗಳು ಮಾತ್ರ ಒಂದೇ ರೀತಿಯಾಗಿ ಬಿದ್ದುವು.

ಇದು ಕಾಪುವಿನ ಶಾಸನದ ಕುರಿತು ಒಂದು ಕಠಿನವಾದ ಸಂಗತಿಯನ್ನು ಹೇಳುವುದು. ಮದ್ದಹೆಗ್ಗಡೆಯ ಶಾಪವು ಕೆಡಿಸುವ ಕೈಗೆ ಹಾಕಿದ ಶಾಪ. ಆದರೆ ಹಾಳಾಗುವುದಕ್ಕೆ ಕೆಡಿಸುವ ಕೈಯೇ ಬೇಕೆಂದಿಲ್ಲ. ಪಶ್ಚಿಮ ಕರಾವಳಿಯ ಮಳೆಯಲ್ಲಿ ಒಂದು ಹೆಂಚು ಜಾರಿದರೆ ಸಾಕು. ಒಂದು ಅಶ್ವತ್ಥದ ಸಸಿ ಸಂದಿನಲ್ಲಿ ಮೊಳೆತರೆ ಸಾಕು. ಈ ವರ್ಷ ಯಾರೂ ಅದನ್ನು ಕೀಳಲಿಲ್ಲ. ಮುಂದಿನ ವರ್ಷವೂ ಕೀಳಲಿಲ್ಲ. ಇಪ್ಪತ್ತು ವರ್ಷಗಳಾದ ಮೇಲೆ ಬೇರು ಗೋಡೆಯನ್ನು ಸೀಳಿತು. ಇದರಲ್ಲಿ ಯಾರು ಪಾಪಮಾಡಿದರು? ಶಾಸನದ ಮಾತಿನಲ್ಲಿ ಯಾರೂ ಇಲ್ಲ. ಲೋಕದಲ್ಲಿ ಹಾಳಾದುದರಲ್ಲಿ ಬಹುಭಾಗವು ಯಾರ ಪಾಪವೂ ಇಲ್ಲದೆ ಹಾಳಾದುದು. ಹಾಗಾದರೆ ಕೆಡಿಸದಿರುವುದೊಂದೇ ಧರ್ಮವಾಗಲಾರದು. ಇದನ್ನು ಪೂರ್ವಿಕರು ತಿಳಿಯದವರಲ್ಲ. ನಮ್ಮ ನಾಡಿನ ಅಸಂಖ್ಯಾತ ಶಾಸನಗಳ ಕೊನೆಯಲ್ಲಿ ದಾನ ಪಾಲನೆಗಳೆರಡರಲ್ಲಿ ಪಾಲನೆಯೇ ದೊಡ್ಡದೆಂಬ ಅರ್ಥದ ಶ್ಲೋಕವು ಬರುವುದು. ಕೊಡುವುದು ಒಂದು ದಿನದ ಕೆಲಸ. ಕಾಯುವುದು ಪ್ರತಿದಿನದ ಕೆಲಸ. ಕೊಟ್ಟವನ ಹೆಸರು ತಾಮ್ರದಲ್ಲಿ ಉಳಿಯುವುದು. ಸಸಿಯನ್ನು ಕಿತ್ತವನ ಹೆಸರು ಎಲ್ಲಿಯೂ ಉಳಿಯದು.

ಇಲ್ಲಿ ಒಂದು ಬಲವಾದ ಆಕ್ಷೇಪಣೆಗೆ ಎಡೆಯುಂಟು. ದಾನವೆಂದರೆ ಭೂಮಿ, ಆ ಭೂಮಿಯನ್ನು ಉತ್ತವರು ಯಾರು? ದಕ್ಷಿಣ ಕನ್ನಡದ ದೇವಸ್ಥಾನ, ಬಸದಿ, ಮಠಗಳ ಗದ್ದೆಗಳನ್ನು ತಲೆಮಾರುಗಳಿಂದ ಗೇಣಿಗೆ ಮಾಡಿದವರು ಒಕ್ಕಲುಗಳು. ಮೂಲಗೇಣಿಯವನಿಗೆ ಸ್ವಲ್ಪ ಭದ್ರತೆಯಿತ್ತು. ಚಾಲಗೇಣಿಯವನಿಗೆ ಅದೂ ಇರಲಿಲ್ಲ. ಬೆಳೆ ಬಂದರೂ ಬಾರದಿದ್ದರೂ ಅಕ್ಕಿಯ ಮುಡಿಗಳು ಧಣಿಯ ಅಂಗಳವನ್ನು ಸೇರಬೇಕು. ಕರ್ನಾಟಕದ ಭೂಸುಧಾರಣೆಯ ಶಾಸನವು 1961ರದು. ಅದರ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಉಳುವವರು ಅರ್ಜಿ ಕೊಟ್ಟು ಒಡೆಯರಾದರು. ದೇವರ ಭೂಮಿಗೂ ಇದು ಅನ್ವಯಿಸಿತು. ಹಾಗಾದರೆ ಚಂದ್ರಸೂರ್ಯರಿರುವ ತನಕವೆಂದು ಬರೆದ ದಾನಗಳು ಒಂದು ದಿನಾಂಕದೊಡನೆ ಮುಗಿದುವು. ಗೇಣಿಯ ಭಾರದಿಂದ ಬಿಡುಗಡೆಯಾದ ಒಕ್ಕಲಿಗನಿಗೆ ಶ್ರೀರಂಗವನ್ನು ಒಡೆದ ಪಾಪವು ತಟ್ಟುವುದೆ?

ಹೌದೆನ್ನುವುದಕ್ಕೆ ನ್ಯಾಯಬುದ್ಧಿಯು ಒಪ್ಪದು. ದಾನಿಯು ತನ್ನದನ್ನು ಮಾತ್ರ ಕೊಡಬಲ್ಲನು. ಅವನದಾಗಿದ್ದುದು ಉತ್ಪತ್ತಿಯಲ್ಲಿ ಒಂದು ಪಾಲನ್ನು ಪಡೆಯುವ ಹಕ್ಕು. ಕೆಸರಿನಲ್ಲಿ ಬಾಗಿದ ಬೆನ್ನು ಎಂದೂ ಅವನದಾಗಿರಲಿಲ್ಲ. ಆ ಬೆನ್ನಿನ ಬೆವರನ್ನು ಹುಟ್ಟದ ಮೊಮ್ಮಕ್ಕಳ ತನಕ ಯಾರೂ ದಾನಮಾಡಲಾರರು, ದೇವರಿಗಾದರೂ ಸರಿ. ಆದರೂ ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ಪ್ರಾಮಾಣಿಕತೆಯಲ್ಲ. ಗದ್ದೆಯು ಉಳುವವನಿಗೆ ಹೋದುದು ಧರ್ಮವಾದರೂ ಎಷ್ಟೋ ಸಣ್ಣ ಗುಡಿಬಸದಿಗಳಲ್ಲಿ ದೀಪದ ಎಣ್ಣೆಯು ಕಡಿಮೆಯಾದುದು ನಿಜ. ಒಂದು ನ್ಯಾಯವು ಸ್ಥಾಪಿತವಾಗುವಾಗ ಇನ್ನೊಂದು ಕರ್ತವ್ಯವು ದಿಕ್ಕಿಲ್ಲದಾಗುವುದುಂಟು. ಹಿಂದೆ ಆ ಕರ್ತವ್ಯವನ್ನು ಬಡವನ ಗೇಣಿಯು ಹೊತ್ತಿತ್ತು. ಈಗ ಅದನ್ನು ಹೊರಬೇಕಾದವರು ಯಾರು? ನೆರೆಯಲ್ಲಿ ಬಾಳುವ ಎಲ್ಲರೂ, ಸ್ವಂತ ಇಚ್ಛೆಯಿಂದ, ಸ್ವಲ್ಪ ಸ್ವಲ್ಪ. ಒತ್ತಾಯದಿಂದ ಉರಿದ ದೀಪಕ್ಕಿಂತ ಇಚ್ಛೆಯಿಂದ ಉರಿಯುವ ದೀಪವು ಶ್ರೇಷ್ಠವಾದುದು. ಆದರೆ ಇಚ್ಛೆಯು ಸೋಮಾರಿಯೂ ಹೌದೆಂಬುದನ್ನು ಹಾಳುಬಿದ್ದ ಗೋಡೆಗಳು ಹೇಳುವುವು.

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ಪೂಜೆ ನಿಂತ ಸ್ಥಾನಕ್ಕೆ ಸಲ್ಲಬೇಕಾದ ಋಣವು ಮೂರು ತೆರನಾಗಿದೆ. ಮೂರೂ ಎಲ್ಲರಿಗೂ ಸಮನಲ್ಲ. ಮತ್ತೆ ಬಿಂಬವನ್ನು ನಿಲ್ಲಿಸಿ ಪೂಜೆಯನ್ನು ಆರಂಭಿಸುವುದು ಆ ಶ್ರದ್ಧೆಯುಳ್ಳವರ ಋಣ. ಅನ್ಯರು ಅದನ್ನು ತಲೆಗೆ ಹಚ್ಚಿಕೊಂಡರೆ ಅದು ಆಡಂಬರವಾಗುವುದು, ಅಥವಾ ಬೇರೆಯವರ ಮನೆಯಲ್ಲಿ ಒಡೆತನ ಮಾಡಿದಂತಾಗುವುದು. ಬೇರು ಗೋಡೆಯನ್ನು ಸೀಳುವ ಮೊದಲು ಸಸಿಯನ್ನು ಕೀಳುವುದು, ಜಾರಿದ ಕಲ್ಲನ್ನು ಮೇಲೆ ಇಡುವುದು, ಇದು ಇಂಥವರ ಬಸದಿ ಎಂದು ಮಕ್ಕಳಿಗೆ ಹೆಸರನ್ನು ಹೇಳಿಕೊಡುವುದು, ಇವು ಹತ್ತಿರ ವಾಸಿಸುವವರ ಋಣ. ಕಲ್ಲನ್ನು ಹೊತ್ತುಕೊಂಡು ಹೋಗದಿರುವುದು ಎಲ್ಲರ ಋಣ. ಅದಕ್ಕೆ ಮತವೂ ಬೇಡ, ಹಣವೂ ಬೇಡ.

ಮನೆ ಕಟ್ಟಿಸುವವನು ಇನ್ನೂ ಒಪ್ಪದೆ ಇರಬಹುದು. ದೇವರು ಹೋದ ಮೇಲೆ ಅದು ಬರಿಯ ಕಲ್ಲೆಂದು ಅವನು ಹೇಳಿದನಷ್ಟೆ. ಅವನಿಗೆ ಹುಣಿಯ ಮಾತನ್ನು ಹೇಳಿದರೆ ಸಾಕು. ಹುಣಿಯ ಮಣ್ಣೂ ಬರಿಯ ಮಣ್ಣು. ಗದ್ದೆಯ ಮಣ್ಣಿಗೂ ಅದಕ್ಕೂ ಗುಣದಲ್ಲಿ ಭೇದವಿಲ್ಲ. ಅದನ್ನು ಹುಣಿಯನ್ನಾಗಿ ಮಾಡುವುದು ಇಬ್ಬರು ನೆರೆಯವರ ಒಪ್ಪಂದ. ಒಬ್ಬ ನೆರೆಯವನು ಊರು ಬಿಟ್ಟು ಹೋದ ಮಾತ್ರಕ್ಕೆ ಆ ಹುಣಿಯನ್ನು ಕೆತ್ತುವವನನ್ನು ಯಾರು ಒಕ್ಕಲಿಗನೆಂದು ಕರೆದಾರು? ಧರ್ಮನಾಥನ ಬಸದಿಯನ್ನು ಕಟ್ಟಿದವರು ಊರುಬಿಟ್ಟ ನೆರೆಯವರು. ಅವರು ಹಿಂದಿರುಗಲಿ, ಹಿಂದಿರುಗದಿರಲಿ, ಅವರಿಗೂ ಇಲ್ಲಿ ಉಳಿದವರಿಗೂ ನಡುವಣ ಹುಣಿಯೇ ಈ ಕಲ್ಲುಗಳು.

ಹೊತ್ತು ಇಳಿಯುವಾಗ ನಡೆಯುವವನು ಕಾಪುವಿನಿಂದ ಹಿಂದಿರುಗುವನು. ಕಡಲ ಬಂಡೆಯ ಮೇಲೆ ದೀಪಸ್ತಂಭದ ಬೆಳಕು ತಿರುಗಲು ತೊಡಗುವುದು. ಆ ಬೆಳಕನ್ನು ಕಾಯುವವರು ದೂರದ ಹಡಗಿನಲ್ಲಿ ಯಾರಿರುವರೆಂದು ಕೇಳುವುದಿಲ್ಲ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಕೇಳಿಯೂ ಇಲ್ಲ. ಮಲ್ಲಾರಿನ ಬೈಲಿನಲ್ಲಿ ಕತ್ತಲು ಕವಿಯುವ ಮೊದಲು ಹುಣಿಯನ್ನು ದಾಟಿಕೊಳ್ಳಬೇಕು. ಬೆಳಗ್ಗೆ ಮೆತ್ತಗೆ ಜಗ್ಗಿದ ಒಂದು ಕಡೆ ಈಗ ಹೊಸ ಕೆಸರು ಮೆತ್ತಿರುವುದು. ಹಗಲಿನಲ್ಲಿ ಯಾರೋ ಬಂದು ಬಿರುಕನ್ನು ಮುಚ್ಚಿ ಹೋಗಿದ್ದಾರೆ. ಎಡಗಡೆಯ ಗದ್ದೆಯವನೋ, ಬಲಗಡೆಯವನೋ ತಿಳಿಯದು. ಹಸಿಯಾದ ಆ ಭಾಗವನ್ನು ಮೆಟ್ಟದೆ, ಅಂಚಿನಲ್ಲಿ ಕಾಲಿಟ್ಟು, ಅವನು ಇನ್ನಂಜೆಯ ಕಡೆಗೆ ನಡೆಯುವನು.